ಹಸಿರು ಚುಕ್ಕಿಯ ಕಾಲು

ಚಂಬಕ್ಕನ ಪಾದಗಳಿಗೆ ನೂರಕ್ಕೆ ತೊಂಬತ್ತೇಳು ಅಂಕ ಬಂದ ದಿನವೇ ಅವಳ ಬಲಗಾಲಿನ ಹೆಬ್ಬೆರಳು ಕಪ್ಪಾಗಿರುವುದು ತಂಗಿ ಶಕುಂತಲಾಳಿಗೆ ಗೊತ್ತಾಯಿತು.

ಮೊದಲು ಗೊತ್ತಾದದ್ದು ಮೂಗಿಗೆ. ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ಚಂಬಕ್ಕನ ಖಾನಾವಳಿ. ಊರ ತುಂಬ ರೊಟ್ಟಿ ಬಡಿಯುವ ಯಂತ್ರಗಳು ಬಂದು ಹತ್ತು ವರ್ಷವಾಗಿದ್ದರೂ ಇಲ್ಲಿ ಕಟ್ಟಿಗೆ ಒಲೆ, ಕೈರೊಟ್ಟಿ. ಅದಕ್ಕೇ ಮಂದಿ ಸರದಿ ನಿಲ್ಲುತ್ತಿದ್ದರು. ಮಧ್ಯಾಹ್ನ ಊಟಕ್ಕೆಂದು ಬಂದ ಶಕುಂತಲಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎಂದಿನಂತೆ ನೇರ ಅಡುಗೆಮನೆಗೆ ನುಗ್ಗಿದಳು. ಎಣ್ಣೆಗಾಯಿ, ಶೇಂಗಾ ಚಟ್ನಿ, ಸುಡುತ್ತಿರುವ ರೊಟ್ಟಿ ಇಷ್ಟೆಲ್ಲದರ ನಡುವೆ ಇನ್ನೊಂದು ವಾಸನೆ ಸಣ್ಣಗೆ ಹಾಯ್ದುಹೋಯಿತು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತೊಳೆದು ಪಟ್ಟಿ ಕಟ್ಟುತ್ತ ಇಪ್ಪತ್ತಾರು ವರ್ಷ ಕಳೆದ ನರ್ಸ್ ಅವಳು. ಆ ವಾಸನೆಯನ್ನು ನಿದ್ದೆಗಣ್ಣಲ್ಲೂ ಗುರುತು ಹಿಡಿಯಬಲ್ಲಳು.

"ಅಕ್ಕಾ, ಕಾಲು ತೋರ್ಸು."

"ಸುಮ್ನ ಊಟಕ್ಕ ಕುಂಡ್ರು. ಹೊರಗ ಮಂದಿ ಕಾಯಾಕತ್ತಾರ."

"ತೋರ್ಸು ಅಂದೆ."

ಶಕುಂತಲಾ ಕುಕ್ಕರುಗಾಲಲ್ಲಿ ಕೂತು ಅಕ್ಕನ ಸೀರೆಯ ಅಂಚು ಎತ್ತಿದಳು. ಹೆಬ್ಬೆರಳ ತುದಿ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಬೆರಳು ನೀಲಿಗಟ್ಟಿ ಬಾತಿತ್ತು. ಪಾದದ ಮೇಲೆ ಕೆಂಪು ಗೀರೊಂದು ಹಿಮ್ಮಡಿಯ ಕಡೆಗೆ ಹೊರಟಿತ್ತು. ಬೆರಳ ಬುಡದಲ್ಲಿ ಸುಟ್ಟು ಒಡೆದ ಬೊಬ್ಬೆ. ಒಲೆಯಿಂದ ಸಿಡಿದ ಕೆಂಡವನ್ನು ಯಾವಾಗಲೋ ತುಳಿದು, ತುಳಿದದ್ದು ಗೊತ್ತಿಲ್ಲದೆ ಅದರ ಮೇಲೆಯೇ ನಿಂತು ರೊಟ್ಟಿ ಬಡಿದಿದ್ದಾಳೆ.

"ಎಷ್ಟ ದಿವ್ಸ ಆತು?"

"ನನಗೇನ ಗೊತ್ತು? ನೋವಿಲ್ಲ ಏನಿಲ್ಲ." ಚಂಬಕ್ಕ ಸೆರಗಿನ ಗಂಟಿನಿಂದ ಫೋನು ತೆಗೆದು ತಂಗಿಯ ಮುಖಕ್ಕೆ ಹಿಡಿದಳು. "ನೋಡಿಲ್ಲೆ. ಹಸಿರ ಚುಕ್ಕಿ ಐತಿ. ತೊಂಬತ್ತೇಳ ಕೊಟ್ಟಾರ. ಓಣ್ಯಾಗ ಯಾರಿಗೂ ಇಷ್ಟ ಬಂದಿಲ್ಲ."

ಪರದೆಯ ಮೇಲೆ ಹಸಿರು ಚುಕ್ಕಿ ನಗುತ್ತಿತ್ತು. ಅದರ ಕೆಳಗೆ 'ಸುವರ್ಣ ಪಾದ' ಎಂಬ ಬಿರುದು.

ಆ ಹಸಿರು ಚುಕ್ಕಿಯ ಕಥೆ ಇಷ್ಟು. ಮೂರು ವರ್ಷದ ಹಿಂದೆ ಚರಣರಕ್ಷಾ ಎಂಬ ಕಂಪನಿ ಸಕ್ಕರೆ ಕಾಯಿಲೆಯವರಿಗೆಲ್ಲ ಒಂದು ಜೊತೆ ಚಪ್ಪಲಿ ಕೊಟ್ಟಿತು. ಅದರ ಅಟ್ಟೆಯೊಳಗೆ ನಲವತ್ತೆಂಟು ಕಡೆ ಒತ್ತಡ, ಬಿಸಿ ಎರಡನ್ನೂ ಅಳೆಯುವ ಸಾಸಿವೆ ಕಾಳಿನಷ್ಟು ಸಂವೇದಕಗಳು. ನಡೆದರೆ ಸಾಕು, ಆ ನಡಿಗೆಯೇ ಅವಕ್ಕೆ ವಿದ್ಯುತ್ತು. ಒಂದು ಪಾದದ ಒಂದು ಜಾಗ ಇನ್ನೊಂದು ಪಾದದ ಅದೇ ಜಾಗಕ್ಕಿಂತ ಎರಡು ಡಿಗ್ರಿ ಬಿಸಿಯಾಗಿದ್ದರೆ ಒಳಗೆ ಬಾವು ಶುರುವಾಗಿದೆ ಎಂದರ್ಥ. ಗಾಯ ಕಣ್ಣಿಗೆ ಕಾಣುವ ಎಷ್ಟೋ ದಿನ ಮೊದಲೇ ಚಪ್ಪಲಿಗೆ ತಿಳಿಯುತ್ತದೆ. ಆಗ ಹಳದಿ ಚುಕ್ಕಿ. ಎರಡು ದಿನ ಹಾಗೇ ಇದ್ದರೆ ಕೆಂಪು. ಕೆಂಪು ಬಂದರೆ ಚಾಲಕನಿಲ್ಲದ ಆಂಬುಲೆನ್ಸು ತಾನಾಗಿ ಮನೆ ಬಾಗಿಲಿಗೆ ಬರುತ್ತದೆ, ಆಪರೇಷನ್ ಕೋಣೆಯ ಬೀಗ ತಾನಾಗಿ ತೆರೆಯುತ್ತದೆ. ಸುಳ್ಳೇಕೆ, ಒಳ್ಳೆಯ ಉಪಕರಣವೇ. ನರ ಸತ್ತ ಕಾಲಿಗೆ ಮಾತು ಬಂದಂತಾಯಿತು ಎಂದು ಮೊದಲು ಕುಣಿದಾಡಿದವಳು ಶಕುಂತಲಾಳೇ.

ಆಮೇಲೆ ಬಂತು ನೋಡಿ ಕಂಪನಿಯ ಬುದ್ಧಿ. ಚಪ್ಪಲಿ ಇರುವಾಗ ಕೈಯಿಂದ ಮುಟ್ಟಿ ನೋಡುವವರು ಯಾಕೆ ಎಂದು ಆಸ್ಪತ್ರೆಗಳ ಪಾದ ತಪಾಸಣೆಯ ವಿಭಾಗ ಮುಚ್ಚಿಸಿದರು. ಹಸಿರು ಚುಕ್ಕಿಯ ಕಾಲನ್ನು ಪರೀಕ್ಷಿಸುವುದು ಅನಗತ್ಯ ಚಿಕಿತ್ಸೆ, ಮಾಡಿದ ಡಾಕ್ಟರಿಗೆ ಶಿಕ್ಷೆ ಎಂದು ನಿಯಮ ಬಂತು. ಶಕುಂತಲಾಳ ಬೇಸಿನ್ನು, ಇಕ್ಕಳ, ಕತ್ತರಿ ಎಲ್ಲ ಪೆಟ್ಟಿಗೆ ಸೇರಿದವು. ಅವಳನ್ನು ಗೋಕುಲ ರಸ್ತೆಯ ನಿಗಾ ಕೋಣೆಯಲ್ಲಿ ಪರದೆಯ ಮುಂದೆ ಕೂರಿಸಿದರು. ಅದಕ್ಕೂ ಮೊದಲು ಪ್ರತಿ ಸೋಮವಾರ ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿ ಬಿಡಿಸಿ ನೋಡುತ್ತಿದ್ದವಳು, ಪರದೆಯಲ್ಲೇ ಹಸಿರು ಕಾಣುವಾಗ ಯಾಕೆ ಎಂದು ಅದನ್ನೂ ಬಿಟ್ಟಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇಂಥವರನ್ನು ನೋಡಿಯೇ.

ಅಕ್ಕನನ್ನು ಬಲವಂತದಿಂದ ಮಣೆಯ ಮೇಲೆ ಕೂರಿಸಿ, ಕಾಲನ್ನು ಹಿಟ್ಟಿನ ಡಬ್ಬಿಯ ಮೇಲೆ ಎತ್ತಿಡಿಸಿ, ಶಕುಂತಲಾ ಡಾಕ್ಟರ್ ಹಿರೇಗೌಡರಿಗೆ ಚಿತ್ರ ಕಳಿಸಿ ಫೋನು ಮಾಡಿದಳು. ಹಳೆಯ ಪಾದ ವಿಭಾಗದಲ್ಲಿ ಅವರೂ ಇವಳೂ ಕೂಡಿ ನೂರಾರು ಕಾಲು ಉಳಿಸಿದವರು.

"ಇವತ್ತ ಸಂಜಿ ಒಳಗ ಆಗಬೇಕ್ರಿ ಸಿಸ್ಟರ್," ಎಂದರು ಅವರು. "ಈಗಾದ್ರ ಬೆರಳು ಅಷ್ಟ ಹೋಗ್ತಾವ. ನಾಳಿ ಅಂದ್ರ ಮೊಣಕಾಲ ತನಕ."

"ಹಂಗಾರ ಈಗ ಕರ್ಕೊಂಡ ಬರ್ತೀನ್ರಿ."

"ಹಸಿರ ಕಾಲಿಗೆ ಕೋಣಿ ಬಾಗ್ಲಾನ ತೆಗೆಯಂಗಿಲ್ಲ. ಬ್ಯಾರೆ ಯಾವ ದವಾಖಾನಿಗೆ ಹೋದ್ರೂ ಇದ ಹಾಡು. ನಾ ಬಯಲಾಗ ಕೂಡ್ರಿಸಿ ಕೊಯ್ಯಾಕ ಬರ್ತೈತೇನು? ಹೆಂಗರೆ ಮಾಡಿ ಕೆಂಪು ಮಾಡಿಸ್ಕೊಂಡ ಬರ್ರಿ."

ಶಕುಂತಲಾ ಊಟ ಬಿಟ್ಟು ಆಟೋ ಹತ್ತಿದಳು.

ನಿಗಾ ಕೋಣೆಯ ಬಾಗಿಲ ಹೊರಗೆ ಒಂದು ಕಟ್ಟಿಗೆಯ ಗೂಡು. ಒಳಗಿನ ಯಂತ್ರಗಳಿಗೆ ಧೂಳು ತಾಗಬಾರದು, ಮೇಲಾಗಿ ಗೋಡೆಯ ಮೇಲೆ ದೇವರ ಪಟವೂ ಇದೆ ಎಂದು ಎಲ್ಲರೂ ಚಪ್ಪಲಿ, ಬೂಟು ಅಲ್ಲೇ ಬಿಡುತ್ತಿದ್ದರು. ಒಳಗೆ ಗೋಡೆಯಗಲದ ಪರದೆಯಲ್ಲಿ ಹುಬ್ಬಳ್ಳಿ ಧಾರವಾಡದ ನಲವತ್ತೊಂದು ಸಾವಿರ ಜನರ ಪಾದಗಳು ಚುಕ್ಕಿಗಳಾಗಿ ಮಿನುಗುತ್ತಿದ್ದವು. ಹೆಚ್ಚುಕಡಿಮೆ ಎಲ್ಲವೂ ಹಸಿರು. ಲೆಕ್ಕದ ಸೂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅನೂಪ, ತುಮಕೂರಿನ ಕಡೆಯವನು, ಕಾಲುಚೀಲದಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದ.

"ಈ ನಂಬರನ್ನ ಕೈಯಾರೆ ಕೆಂಪು ಮಾಡು," ಎಂದು ಶಕುಂತಲಾ ಅಕ್ಕನ ಸಂಖ್ಯೆ ಕೊಟ್ಟಳು.

"ಆಗಲ್ಲ ಸಿಸ್ಟರ್. ಆ ಗುಂಡೀನ ಆರು ತಿಂಗಳ ಹಿಂದೆನೇ ತೆಗೆದುಬಿಟ್ರಲ್ಲ. ನರ್ಸ್‌ಗಳು ಸುಮ್‌ಸುಮ್ನೆ ಒತ್ತುತಾರೆ ಅಂತ." ಅವನು ಚಂಬಕ್ಕನ ದಾಖಲೆ ತೆರೆದ. "ತೊಂಬತ್ತೇಳು ಇದೆಯಲ್ಲ. ಡೇಟಾ ತುಂಬ ಚೆನ್ನಾಗಿದೆ."

"ಆಕಿ ಬೆರಳು ಕೊಳ್ತೈತಿ."

ಅನೂಪ ಚಮಚ ಕೆಳಗಿಟ್ಟ. ಪರದೆಯಲ್ಲಿ ಚಂಬಕ್ಕನ ಒಂದು ದಿನ ಪಟ್ಟಿಯಂತೆ ಹರಡಿಕೊಂಡಿತು. ಬೆಳಿಗ್ಗೆ ಆರೂವರೆಗೆ ಆರು ನಿಮಿಷ ನಡಿಗೆ. ಅಲ್ಲಿಂದ ಮಧ್ಯಾಹ್ನ ನಾಲ್ಕರವರೆಗೆ ಉದ್ದಕ್ಕೂ ತಿಳಿ ಹಸಿರು ಬಣ್ಣ, ಅದರ ಮೇಲೆ ಒಂದೇ ಪದ: ವಿಶ್ರಾಂತಿ. ಮತ್ತೆ ಆರು ನಿಮಿಷ ನಡಿಗೆ. ಮತ್ತೆ ವಿಶ್ರಾಂತಿ.

ಶಕುಂತಲಾ ಆ ಪದವನ್ನೇ ನೋಡಿದಳು. ಬೆಳಿಗ್ಗೆ ಆರೂವರೆಯಿಂದ ನಾಲ್ಕರವರೆಗೆ ಅಕ್ಕ ಕಡಪಾ ಕಲ್ಲಿನ ನೆಲದ ಮೇಲೆ, ಒಲೆಯ ಮುಂದೆ, ಬರಿಗಾಲಲ್ಲಿ ನಿಂತು ಮುನ್ನೂರು ರೊಟ್ಟಿ ಬಡಿಯುತ್ತಾಳೆ.

"ವಿಶ್ರಾಂತಿ ಅಂದ್ರ ಏನು?"

"ಚಪ್ಪಲಿ ಮೇಲೆ ಭಾರ ಇಲ್ಲ ಅಂದ್ರೆ ವಿಶ್ರಾಂತಿ. ಅಂದ್ರೆ ಕೂತಿದಾರೆ, ಇಲ್ಲ ಮಲಗಿದಾರೆ ಅಂತ. ಕಾಲಿಗೆ ವಿಶ್ರಾಂತಿ ಸಿಕ್ಕಷ್ಟೂ ಅಂಕ ಜಾಸ್ತಿ. ಮಾದರಿ ಎಲ್ಲ ಹೊರದೇಶದಲ್ಲಿ ತಯಾರಾಗಿದ್ದು, ತುಂಬ ನಿಖರವಾಗಿದೆ."

"ನಿಮ್ಮ ಅವ್ವ ಅಡಿಗಿಮನ್ಯಾಗ ಚಪ್ಪಲಿ ಮೆಟ್ಕೊಂಡ ಅಡಿಗಿ ಮಾಡ್ತಾಳೇನಪಾ?"

ಅನೂಪ ಒಮ್ಮೆ ತನ್ನ ಕಾಲುಚೀಲದ ಕಡೆ ನೋಡಿಕೊಂಡ, ಒಮ್ಮೆ ಬಾಗಿಲಾಚೆಯ ಗೂಡಿನ ಕಡೆ. ಮೂರು ವರ್ಷ ದಿನಾ ಅದರಲ್ಲಿ ಬೂಟು ಬಿಟ್ಟು ಒಳಗೆ ಬಂದು ಈ ಹಸಿರು ಪಟ್ಟಿಗಳನ್ನು ಕಾದವನು ಅವನು.

"ನಿನಗಷ್ಟ ಬೈಯಾಂಗಿಲ್ಲ ಬಿಡು," ಎಂದಳು ಶಕುಂತಲಾ.

ಅವಳಿಗೆ ಚಪ್ಪಲಿ ಹಂಚಿದ ದಿನ ನೆನಪಾಗಿತ್ತು. ಕಲ್ಯಾಣ ಮಂಟಪದಲ್ಲಿ ಹೆಂಗಸರ ಸಾಲು. ಅವರಿಗೆಲ್ಲ ಇದ್ದದ್ದು ಒಂದೇ ಪ್ರಶ್ನೆ: ಇದನ್ನ ಅಡಿಗಿಮನ್ಯಾಗೂ ಹಾಕ್ಕೋಬೇಕೇನ್ರಿ, ದೇವರ ಕೋಣ್ಯಾಗ ಹೆಂಗ್ರಿ? ಹೌದು ಎಂದರೆ ಅರ್ಧ ಜನ ಎದ್ದು ಹೋಗುತ್ತಾರೆ ಎಂದು ಶಕುಂತಲಾಳೇ ಮೈಕಿನಲ್ಲಿ ನಗುತ್ತ ಹೇಳಿದ್ದಳು: "ಒಳಗ ಬ್ಯಾಡ್ರೆವ್ವ. ಹೊರಗ ಹೋಗುವಾಗ ಅಷ್ಟ ಮೆಟ್ರಿ, ಸಾಕು." ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಕಂಪನಿಯವರಿಗೆ ಇದು ಹೊಳೆಯಲಿಲ್ಲ, ಸರಿ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೇ ಹುಟ್ಟಿ ಬೆಳೆದ ತನಗೂ ಹೊಳೆಯಲಿಲ್ಲ. ಗಾಳಿ ಬೀಸುವಷ್ಟು ಸಹಜವಾಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳಿಗೆ ಕಂಪನಿಯ ಮೇಲೆ ಎಷ್ಟು ಸಿಟ್ಟು ಬಂತೋ ತನ್ನ ಮೇಲೆ ಅದರ ಎರಡರಷ್ಟು ಬಂತು.

"ಜಲ್ದಿ ಹೇಳು. ಎರಡು ದಿವ್ಸ ಕಾಯದ ಕೆಂಪು ಬರೂದು ಯಾವಾಗ?"

"ಎರಡೂ ಕಾಲಿನ ಬಿಸಿಗೆ ಆರು ಡಿಗ್ರಿ ವ್ಯತ್ಯಾಸ ಬಂದ್ರೆ. ಅದೂ ಇಪ್ಪತ್ತು ನಿಮಿಷ ಬಿಡದೆ ಮೆಟ್ಟಿರಬೇಕು. ಅದಕ್ಕಿಂತ ಕಡಿಮೆ ಹೊತ್ತು ಮೆಟ್ಟಿದ್ರೆ ಬಿಸೀನ ಲೆಕ್ಕಕ್ಕೇ ತಗೊಳಲ್ಲ."

ಮನೆಯಿಂದ ಖಾನಾವಳಿಗೆ ಅಕ್ಕನ ದಾರಿ ಆರು ನಿಮಿಷದ್ದು. ಮೂರು ವರ್ಷದಲ್ಲಿ ಆ ಚಪ್ಪಲಿ ಅವಳ ಕಾಲಿನ ಬಿಸಿಯನ್ನು ಒಮ್ಮೆಯೂ ಲೆಕ್ಕ ಹಿಡಿದಿರಲಿಲ್ಲ. ಈಗ ಅವಳನ್ನೇ ಇಪ್ಪತ್ತು ನಿಮಿಷ ಓಡಾಡಿಸೋಣವೆಂದರೆ ಬರೀ ಬಾವಿನ ಬಿಸಿ ಆರು ಡಿಗ್ರಿ ಮುಟ್ಟುವುದಿಲ್ಲ, ನಂಜು ಮಾತ್ರ ಮೇಲೇರುತ್ತದೆ.

"ಬ್ಯಾರೆಯವರು ಮೆಟ್ಟಿದ್ರ ಗೊತ್ತಾಗ್ತೈತೇನು?"

"ತೂಕ ನೋಡುತ್ತೆ. ಎರಡು ಕೇಜಿ ಆಚೀಚೆ ಆದ್ರೆ ಒಪ್ಪಲ್ಲ." ಅನೂಪ ಅವಳ ಮುಖ ನೋಡಿದ. "ಯಾಕೆ ಸಿಸ್ಟರ್?"

ಅವಳು ಆಗಲೇ ಗೂಡಿನಿಂದ ಚಪ್ಪಲಿ ಎಳೆದುಕೊಳ್ಳುತ್ತಿದ್ದಳು.

ಖಾನಾವಳಿಗೆ ಬಂದವಳೇ ಹೊರಗಿನ ಬಾಗಿಲು ಹಾಕಿಸಿದಳು. ಅಕ್ಕನ ಕಂಪನಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ನಡೆದಳು. ರೊಟ್ಟಿ ಬಡಿಯುತ್ತಿದ್ದ ನಾಲ್ವರು ಹೆಂಗಸರು ಕೈ ನಿಲ್ಲಿಸಿದರು. ಆ ಹೊಸ್ತಿಲನ್ನು ಚಪ್ಪಲಿ ದಾಟಿದ್ದು ಅದೇ ಮೊದಲು.

"ಹುಚ್ಚ ಹಿಡದೈತೇನ ನಿನಗ?" ಎಂದಳು ಚಂಬಕ್ಕ ಮಣೆಯ ಮೇಲಿಂದ. "ಒಲಿ ಮುಂದ ಚಪ್ಪಲಿ ತಂದಿಯಲ್ಲ."

"ನಿಂದು ತೂಕ ಎಷ್ಟು?"

"ಅರವತ್ತೆಂಟು. ಯಾಕ?"

ತನ್ನದು ಅರವತ್ತು. ಶಕುಂತಲಾ ತಕ್ಕಡಿಯಲ್ಲಿ ಎಂಟು ಕಿಲೋ ಜೋಳದ ಹಿಟ್ಟು ತೂಗಿ ಚೀಲಕ್ಕೆ ತುಂಬಿದಳು. ಆಮೇಲೆ ಹಂಚಿನ ಮೇಲಿಂದ ಉಬ್ಬಿ ನಿಂತಿದ್ದ ರೊಟ್ಟಿಯೊಂದನ್ನು ತೆಗೆದು ಬಲಗಾಲಿನ ಚಪ್ಪಲಿಯ ಅಟ್ಟೆಯ ಮೇಲೆ ಹಾಸಿದಳು.

ಚಂಬಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳು ಕಪ್ಪಾಗಿದೆ ಎಂದಾಗ ಬಾರದ ಅಳು ಈಗ ಬಂತು. "ಬ್ಯಾಡ ತಂಗಿ. ಬೆರಳ ಹೋದ್ರ ಹೋಗ್ಲಿ. ಅನ್ನಾ ತುಳೀಬ್ಯಾಡ. ನಲವತ್ತ ವರ್ಷ ಇದನ್ನ ಬಡದು ಬದುಕೀನಿ."

"ರೊಟ್ಟಿಗೆ ಮರ್ಯಾದಿ ಐತಿ, ನಿನ್ನ ಕಾಲಿಗಿಲ್ಲೇನು?" ಶಕುಂತಲಾಳ ದನಿ ಓಣಿಗೆ ಕೇಳುವಷ್ಟು ಏರಿತು. "ನಲವತ್ತ ವರ್ಷ ರೊಟ್ಟಿ ಬಡದದ್ದು ಕೈ ಒಂದ ಅಲ್ಲ. ನಿಂತಿದ್ದು ಯಾವುದು? ಅದರ ಕಡೆ ಒಬ್ಬರರೆ ನೋಡೀವೇನು, ನಾನೂ ಹಿಡಿದು?"

ಹೇಳಿದವಳೇ ಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಚಪ್ಪಲಿ ಮೆಟ್ಟಿದಳು.

ಚುರ್ರೆಂದಿತು. ಕಣ್ಣಲ್ಲಿ ನೀರು ಚಿಮ್ಮಿತು. ಅವಳ ಪಾದದ ನರಗಳಿಗೆ ಇನ್ನೂ ಜೀವವಿತ್ತು. ಕಾಲು ತಾನಾಗಿ ಮೇಲೆದ್ದುಬಿಡುತ್ತಿತ್ತು, ಅವಳೇ ಅದುಮಿ ಇಳಿಸಿದಳು. ಇಷ್ಟು ಉರಿ ಅಕ್ಕನಿಗೆ ಒಂದೇ ಒಂದು ಸಲ ಗೊತ್ತಾಗಿದ್ದರೆ ಸಾಕಿತ್ತು ಎಂದುಕೊಳ್ಳುತ್ತ ಹಲ್ಲು ಕಚ್ಚಿ ನಿಂತಳು.

ಮೂರು ನಿಮಿಷಕ್ಕೆ ರೊಟ್ಟಿ ಆರತೊಡಗಿತು. "ಇನ್ನೊಂದು ಕೊಡ್ರಿ," ಎಂದಳು. ಯಾರೂ ಅಲುಗಲಿಲ್ಲ. ಒಲೆಯ ಕೊನೆಯಲ್ಲಿದ್ದ ಹಿರಿಯಳು, ನಿಂಗವ್ವ, ಒಮ್ಮೆ ಚಂಬಕ್ಕನ ಕಪ್ಪು ಬೆರಳನ್ನು ನೋಡಿದಳು, ಒಮ್ಮೆ ಬಗ್ಗಿ ತನ್ನ ಬರಿಗಾಲನ್ನು ನೋಡಿಕೊಂಡಳು. ಆಮೇಲೆ ಒಲೆಗೆ ಕೈ ಮುಗಿದು ಹಂಚಿನ ಮೇಲಿನ ರೊಟ್ಟಿ ತೆಗೆದು ತಂದು ಶಕುಂತಲಾಳ ಕಾಲ ಕೆಳಗೆ ತೂರಿಸಿದಳು. ಮುಂದಿನದನ್ನು ಬಡಿಯಲು ಉಳಿದವರೂ ಕೈ ಹಚ್ಚಿದರು. ಒಟ್ಟು ಏಳು ರೊಟ್ಟಿ. ಇಪ್ಪತ್ತೆರಡನೆಯ ನಿಮಿಷಕ್ಕೆ ಚಂಬಕ್ಕನ ಫೋನು ಕಿರುಚಿಕೊಂಡಿತು. ಹಸಿರು ಚುಕ್ಕಿ ಕೆಂಪಾಗಿತ್ತು.

ಆಂಬುಲೆನ್ಸು ಒಂಬತ್ತು ನಿಮಿಷಕ್ಕೆ ಬಾಗಿಲಿಗೆ ಬಂತು. ಯಂತ್ರ ಹೇಳಿದ ಮಾತು ಅಷ್ಟು ಬೇಗ ಕೇಳಿಸುತ್ತದೆ.

ಹಿರೇಗೌಡರು ಎರಡು ಬೆರಳು ತೆಗೆದರು. ಪಾದ ಉಳಿಯಿತು. ಶಕುಂತಲಾಳ ಅಂಗಾಲಿನ ಬೊಬ್ಬೆಗಳಿಗೆ ಅವರೇ ಮುಲಾಮು ಹಚ್ಚಿ, "ಇದೇನ್ರಿ ಸಿಸ್ಟರ್?" ಎಂದರು. "ಕೆಂಪು ಮಾಡಿಸ್ಕೊಂಡ ಬಾ ಅಂದ್ರೆಲ್ಲರಿ," ಎಂದಳು ಅವಳು.

ಮರುದಿನ ಕುಂಟುತ್ತ ನಿಗಾ ಕೋಣೆಗೆ ಹೋದಳು. ಅನೂಪ ಅಷ್ಟರಲ್ಲಿ ಒಂದು ಪಟ್ಟಿ ತೆಗೆದಿಟ್ಟಿದ್ದ. ದಿನಕ್ಕೆ ಹದಿನೆಂಟು ಗಂಟೆಗಿಂತ ಹೆಚ್ಚು ವಿಶ್ರಾಂತಿ ಪಡೆಯುವ, ತೊಂಬತ್ತಕ್ಕಿಂತ ಹೆಚ್ಚು ಅಂಕದ ಪಾದಗಳು: ಒಂಬತ್ತು ಸಾವಿರದ ಮುನ್ನೂರ ಹದಿನಾಲ್ಕು. ಅವಳು ಉದ್ಯೋಗದ ಕಾಲಂ ಓದುತ್ತ ಹೋದಳು. ರೊಟ್ಟಿ ಕೇಂದ್ರ. ಶಾಲೆಯ ಬಿಸಿಯೂಟ. ಮನೆಗೆಲಸ. ಮನೆಗೆಲಸ. ಗುಡಿಯ ಅರ್ಚಕರು. ಮನೆಗೆಲಸ. ಇನ್ನೊಬ್ಬರ ಮನೆಯ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ಇಡೀ ದಿನ ನಿಲ್ಲುವವರೆಲ್ಲ ಈ ಊರಿನಲ್ಲಿ ಅತ್ಯಂತ ಸುಖಿಗಳೆಂದು ಆ ಪರದೆ ನಂಬಿತ್ತು.

"ಒಂದು ಪದ ಬದಲಾಯಿಸಿದ್ರೆ ಸಾಕು," ಎಂದ ಅನೂಪ. ಅವನ ಕಣ್ಣು ಕೆಂಪಾಗಿದ್ದವು. "ವಿಶ್ರಾಂತಿ ಅನ್ನೋ ಕಡೆ 'ತಿಳಿದಿಲ್ಲ' ಅಂತ. ಅನುಮತಿ ಕೇಳಿದ್ರೆ ಕೊಡಲ್ಲ."

"ಕೇಳಬ್ಯಾಡ ಮತ್ತ."

ಅವನು ಕೇಳಲಿಲ್ಲ. ಗೋಡೆಯ ಮೇಲೆ ಒಂಬತ್ತು ಸಾವಿರ ಹಸಿರು ಚುಕ್ಕಿಗಳು ಬೂದಿಯ ಬಣ್ಣಕ್ಕೆ ತಿರುಗಿದವು. ಬೂದಿ ಚುಕ್ಕಿ ಎಂದರೆ ಉಪಕರಣಕ್ಕೆ ಗೊತ್ತಿಲ್ಲ, ಮನುಷ್ಯರು ಹೋಗಿ ನೋಡಬೇಕು. ಕೆಲಸ ಕಳೆದುಕೊಂಡಿದ್ದ ಹಳೆಯ ನರ್ಸುಗಳು ಪೆಟ್ಟಿಗೆಯಿಂದ ಬೇಸಿನ್ನು ತೆಗೆದರು. ಒಂಬತ್ತು ದಿನದಲ್ಲಿ ಆರುನೂರ ಹನ್ನೊಂದು ಜನರ ಕಾಲು ನೋಡಿದರು. ನಲವತ್ತಮೂರು ಜನರಿಗೆ ಗಾಯವಿತ್ತು. ಆ ನಲವತ್ತಮೂರು ಜನರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಹತ್ತನೆಯ ದಿನ ಕಂಪನಿಯ ಪ್ರಾದೇಶಿಕ ಮುಖ್ಯಸ್ಥ ಪರದೆಯ ಮೇಲೆ ಬಂದ. ಆವತ್ತು ರಜೆಯಂತೆ, ಮನೆಯಿಂದಲೇ ಮಾತಾಡುತ್ತಿದ್ದ. ಹಿಂದೆ ಸೋಫಾ, ದೇವರ ಗೂಡು ಕಾಣುತ್ತಿದ್ದವು.

"ಬೂದು ಬಣ್ಣ ಜನರಲ್ಲಿ ಅನಗತ್ಯ ಭಯ ಹುಟ್ಟಿಸ್ತಿದೆ," ಎಂದ ಅವನು. "ಸಾಧನ ಅಂತಾರಾಷ್ಟ್ರೀಯ ಮಟ್ಟದ್ದು. ತಪ್ಪಾಗಿ ಬಳಸ್ತಿರೋರು ಜನ. ಅವರು ಮನೆಯೊಳಗೂ ಧರಿಸೋ ಅಭ್ಯಾಸ ಮಾಡ್ಕೋಬೇಕು."

"ಸರ, ನಿಮ್ಮ ಕಾಲು ಒಂಚೂರು ತೋರ್ಸ್ರಿ," ಎಂದಳು ಶಕುಂತಲಾ.

"ಏನು?"

"ನೀವು ಈಗ ಮನ್ಯಾಗ ಅದೀರಿ. ಕಾಲಾಗ ಏನ ಹಾಕ್ಕೊಂಡೀರಿ, ಕ್ಯಾಮೆರಾ ಕೆಳಗ ಮಾಡ್ರಿ, ನೋಡೂಣು."

ಪರದೆ ಆರಿತು. ಸಂಜೆಗೆ ಬೂದಿ ಚುಕ್ಕಿಗಳೆಲ್ಲ ಹಸಿರಾದವು. ಅನೂಪನಿಗೆ ವರ್ಗದ ಪತ್ರ ಬಂತು, ಶಕುಂತಲಾಳಿಗೆ ಮನೆಗೆ ಹೋಗುವ ಪತ್ರ. ಅನೂಪ ಹೊರಡುವಾಗ ಆ ಒಂಬತ್ತು ಸಾವಿರ ವಿಳಾಸಗಳ ಪಟ್ಟಿಯನ್ನು ಮುದ್ರಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಚಪ್ಪಲಿಯ ಗೂಡಿನಲ್ಲಿ ಅವಳ ಜಾಗದಲ್ಲಿ ಇಟ್ಟು ಹೋದ.

ಮುಂದಿನ ಸೋಮವಾರ, ಖಾನಾವಳಿಗೆ ರಜೆಯ ದಿನ, ಶಕುಂತಲಾ ಅಕ್ಕನ ಗಾಯದ ಪಟ್ಟಿ ಬಿಚ್ಚುತ್ತಿದ್ದಳು. ಒಲೆಯ ಕಟ್ಟೆಯ ಕೆಳಗೆ ದಪ್ಪ ಅಟ್ಟೆಯ ಹೊಸ ಚಪ್ಪಲಿಗಳು ಐದು ಜೊತೆ ಸಾಲಾಗಿದ್ದವು. ಬೀದಿ ತುಳಿಯದವು, ಅಡುಗೆಮನೆಗೆಂದೇ ತಂದವು. ಒಲೆ ಮುಂದೆ ಚಪ್ಪಲಿ ಸುತರಾಂ ಆಗದು ಎಂದು ಚಂಬಕ್ಕ ಮೂರು ದಿನ ಹಟ ಹಿಡಿದು, ನಾಲ್ಕನೆಯ ದಿನ ತಾನೇ ಅವಕ್ಕೆ ವಿಭೂತಿ ಹಚ್ಚಿಟ್ಟಿದ್ದಳು.

ಫೋನು ಮಧುರವಾಗಿ ಸದ್ದು ಮಾಡಿತು.

"ಏನಂತ ನೋಡ," ಎಂದಳು ಚಂಬಕ್ಕ.

ಶಕುಂತಲಾ ಓದಿದಳು: "ಅಭಿನಂದನೆಗಳು ಚಂಬವ್ವ ಅವರೇ. ಈ ವಾರ ನಿಮ್ಮ ಪಾದಗಳು ಸಂಪೂರ್ಣ ವಿಶ್ರಾಂತಿ ಪಡೆದಿವೆ. ನಿಮ್ಮ ಅಂಕ ನೂರಕ್ಕೆ ನೂರು."

ಚಂಬಕ್ಕ ಪಟ್ಟಿ ಬಿಚ್ಚಿದ ಪಾದವನ್ನು ನೋಡಿಕೊಂಡಳು. "ಎರಡು ಬೆರಳು ಕಳದದ್ದಕ್ಕ ಮೂರು ಅಂಕ ಜಾಸ್ತಿ ಕೊಟ್ಟಾರ," ಎಂದು ನಕ್ಕಳು. ಬೆಂಚಿನ ಮೇಲಿದ್ದ ನಿಂಗವ್ವನೂ ನಕ್ಕಳು. ಶಕುಂತಲಾ ನಗಲಿಲ್ಲ. ಫೋನನ್ನು ಬೋರಲು ಹಾಕಿ, ಗಾಯ ತೊಳೆದು, ಹೊಸ ಪಟ್ಟಿ ಕಟ್ಟಿದಳು.

"ಆ ಕಾಲು ಕೊಡು."

"ಅದಕ್ಕೇನಾಗೇತಿ? ಅದು ಚಲೋ ಐತಿ."

"ಕೊಡು ಅಂದೆ."

ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲಿನಂತೆ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಸಂದಿ ಬಿಡಿಸಿ ನೋಡಿದಳು. ಅಂಗಾಲಿನ ಮೇಲೆ ಅಂಗೈಯ ಹಿಂಬದಿ ಇಟ್ಟು ಬಿಸಿ ನೋಡಿದಳು. ಬೆಂಚಿನ ಮೇಲೆ ನಿಂಗವ್ವನೂ ಉಳಿದ ಮೂವರೂ ಕಾಲು ತೊಳೆದುಕೊಂಡು ಸೀರೆಯ ಅಂಚು ಎತ್ತಿ ಕಾಯುತ್ತಿದ್ದರು. ಅವರ ಹಿಂದೆ, ಅನೂಪ ಬಿಟ್ಟುಹೋದ ಪಟ್ಟಿಯ ಮೊದಲ ಪುಟದ ಹೆಂಗಸರು ಹೊರಗಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಮುಂದಿನವರು ಬರ್ರಿ," ಎಂದಳು ಶಕುಂತಲಾ.